ಗಾಜು ತೊಳೆಯುವ ನೀರಿಗೆ ಆರ್‌ಒ ಸಾಕೇ, ರೆಸಿನ್ ಬೇಕೇ?

ಪ್ರಶ್ನೆ: ಸರ್, ಬೆಂಗಳೂರಿನ ಹೊರಮಾವು ಕಡೆ ಮೂರು ವರ್ಷದಿಂದ ಹೌಸ್‌ಕೀಪಿಂಗ್ ಕೆಲಸ ನಡೆಸುತ್ತಿದ್ದೇನೆ. ನಾಲ್ಕು ಜನ ಹುಡುಗರಿದ್ದಾರೆ. ಈಗ ಶೋರೂಂ, ಮೂರು-ನಾಲ್ಕು ಅಂತಸ್ತಿನ ಆಫೀಸುಗಳವರು ಹೊರಗಡೆಯ ಗಾಜು ತೊಳೆದುಕೊಡಿ ಎಂದು ಕೇಳುತ್ತಿದ್ದಾರೆ. ಹುಡುಗರನ್ನು ಏಣಿ ಹತ್ತಿಸುವುದು ಬೇಡ ಅಂತ, ನೆಲದ ಮೇಲೇ ನಿಂತು ತೊಳೆಯುವ, ಒಳಗೆ ನೀರು ಹರಿಯುವ ಉದ್ದ ಕೋಲಿನ ಬ್ರಷ್ ತರಿಸಿದ್ದೇನೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಗಾಜಿನ ತುಂಬ ಬಿಳಿ ಚುಕ್ಕೆ. ಲ್ಯಾಬ್ ರಿಪೋರ್ಟ್: ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) 940, ಗಡಸುತನ ಅಂದರೆ ಹಾರ್ಡ್‌ನೆಸ್ 480. ಮನೆಯ ಆರ್‌ಒ ನೀರು ಹಾಕಿ ನೋಡಿದೆ, ಮೀಟರ್ 90 ತೋರಿಸಿತು. ಚುಕ್ಕೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಒಬ್ಬ ಡೀಲರ್ ‘ಸಾಫ್ಟ್‌ನರ್ ಒಂದೇ ಸಾಕು’ ಎನ್ನುತ್ತಾರೆ. ಇನ್ನೊಬ್ಬರು ಗಂಟೆಗೆ 500 ಲೀಟರಿನ ಆರ್‌ಒ ಪ್ಲಾಂಟ್‌ಗೆ ಕೊಟೇಶನ್ ಕೊಟ್ಟಿದ್ದಾರೆ. ವಿಡಿಯೊಗಳಲ್ಲಿ ಬರೀ ರೆಸಿನ್ (ಲವಣ ಹಿಡಿದಿಡುವ ಸಣ್ಣ ಕಣಗಳು) ತುಂಬಿದ ಸಿಲಿಂಡರ್ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಝೀರೋ ಟಿಡಿಎಸ್ ನೀರು ಗಾಜನ್ನೂ ಅಂಚಿನ ಸೀಲಂಟನ್ನೂ ತಿನ್ನುತ್ತದೆ ಎಂದು ಒಬ್ಬ ಆರ್ಕಿಟೆಕ್ಟ್ ಹೆದರಿಸಿದರು. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಡುತ್ತದೆ, ಟ್ಯಾಂಕರ್ ಹಾಕಿಸುತ್ತೇವೆ. ಕಾವೇರಿ ಸಂಪರ್ಕ ಇನ್ನೂ ಇಲ್ಲ. ಯಾವ ದಾರಿ ಹಿಡಿಯಲಿ? ಅರ್ಧ ನೀರು ಮೋರಿಗೆ ಹೋಗುತ್ತದಂತೆ, ಅದಕ್ಕೇನು ಮಾಡಲಿ?

ಉತ್ತರ: ದುಡ್ಡು ಕೊಡುವ ಮೊದಲೇ ನೀರು ಪರೀಕ್ಷೆ ಮಾಡಿಸಿದ್ದೀರಿ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಯಂತ್ರ ಕೊಂಡು, ಅದು ಕೆಟ್ಟ ಮೇಲೆ ನೀರಿನ ಬಾಟಲಿ ಹಿಡಿದುಕೊಂಡು ಬರುತ್ತಾರೆ. ನಿಮ್ಮ ಕೈಯಲ್ಲಿರುವ ಆ ಎರಡು ಅಂಕಿಗಳಿಂದಲೇ ಮುಕ್ಕಾಲು ಉತ್ತರ ಸಿಗುತ್ತದೆ. ಉಳಿದ ಕಾಲು ಭಾಗಕ್ಕೆ ದಿನಕ್ಕೆ ಎಷ್ಟು ಲೀಟರ್ ಬೇಕು ಎಂಬ ಲೆಕ್ಕ ಬೇಕು. ಯಾವ ಯಂತ್ರ ಎನ್ನುವುದು ಇವೆರಡೂ ಆದ ಮೇಲೆ ಬರುವ ಪ್ರಶ್ನೆ.

ಚುಕ್ಕೆ ಎಲ್ಲಿಂದ ಬಂತು ನೋಡೋಣ. ಕೋಲಿನ ಬ್ರಷ್‌ನಲ್ಲಿ ತೊಳೆದಾಗ ವೈಪರ್ ಎಳೆಯುವುದಿಲ್ಲ, ನೀರು ಗಾಜಿನ ಮೇಲೇ ಒಣಗುತ್ತದೆ. ಹೋಗುವುದು ನೀರು ಮಾತ್ರ, ಅದರಲ್ಲಿ ಕರಗಿದ್ದ ಲವಣವೆಲ್ಲ ಅಲ್ಲೇ ಕೂರುತ್ತದೆ. 940 ಟಿಡಿಎಸ್ ಎಂದರೆ ಲೀಟರಿಗೆ 940 ಮಿಲಿಗ್ರಾಂ, ಹೆಚ್ಚುಕಡಿಮೆ ಒಂದು ಗ್ರಾಂ. ಒಂದು ಚದರ ಮೀಟರ್ ಗಾಜಿನ ಮೇಲೆ 50 ಮಿಲಿಲೀಟರ್ ನೀರು ಉಳಿಯಿತು ಎಂದಿಟ್ಟುಕೊಳ್ಳಿ. ಬೋರ್‌ವೆಲ್ ನೀರಾದರೆ ಅಲ್ಲಿ 47 ಮಿಲಿಗ್ರಾಂ ಲವಣ ಉಳಿಯಿತು. ಮನೆಯ ಆರ್‌ಒ ನೀರಾದರೆ ನಾಲ್ಕೂವರೆ. ಟಿಡಿಎಸ್ 5 ಇರುವ ನೀರಾದರೆ ಕಾಲು ಮಿಲಿಗ್ರಾಂ. ನಾಲ್ಕೂವರೆ ಮಿಲಿಗ್ರಾಂ ಕೂಡ ಕಪ್ಪು ಛಾಯೆಯ ಗಾಜಿನ ಮೇಲೆ ಓರೆ ಬಿಸಿಲು ಬಿದ್ದಾಗ ಎದ್ದು ಕಾಣುತ್ತದೆ. ನಿಮಗೆ ಕಂಡದ್ದು ಅದೇ. ಹಾಗಾಗಿ ಈ ಕೆಲಸದಲ್ಲಿ 0ಯನ್ನೇ ಗುರಿಯಾಗಿ ಇಟ್ಟುಕೊಳ್ಳುತ್ತಾರೆ, 10 ದಾಟಲು ಬಿಡುವುದಿಲ್ಲ.

ನಿಮ್ಮ ಬೋರ್‌ವೆಲ್ ನೀರು ಏನೋ ಕೆಟ್ಟಿದೆ ಎಂದು ಭಾವಿಸಬೇಡಿ. ಕುಡಿಯುವ ನೀರಿನ ಭಾರತೀಯ ಮಾನಕ, ಐಎಸ್ 10500, ಟಿಡಿಎಸ್ 500ರ ಒಳಗಿರಲಿ ಎನ್ನುತ್ತದೆ. ಬೇರೆ ಮೂಲ ಇಲ್ಲದಿದ್ದರೆ 2000ದ ವರೆಗೂ ಬಿಡುತ್ತದೆ. ಕುಡಿಯುವುದಕ್ಕೆ ಹಾಕಿದ ಈ ಗೆರೆಗೂ ಗಾಜು ಕೇಳುವ ನೀರಿಗೂ ಸಂಬಂಧವೇ ಇಲ್ಲ. ಕುಡಿಯುವ ನೀರಿನ ಯಂತ್ರ ಮಾರುವವರಿಗೆ ಈ ವ್ಯತ್ಯಾಸ ಎಷ್ಟೋ ಸಲ ಗೊತ್ತಿರುವುದಿಲ್ಲ. ನಿಮಗೆ ಬಂದ ಸಲಹೆಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಕಾರಣ ಅದು.

ಈಗ ಸಾಫ್ಟ್‌ನರ್ ವಿಷಯ. ಆ ಡೀಲರ್ ಸುಳ್ಳು ಹೇಳುತ್ತಿಲ್ಲ, ಬೇರೆ ಕೆಲಸಕ್ಕೆ ಸರಿಯಾದ ಯಂತ್ರವನ್ನು ನಿಮಗೆ ಹೇಳುತ್ತಿದ್ದಾರೆ. ಸಾಫ್ಟ್‌ನರ್ ಒಳಗಿನ ರೆಸಿನ್, ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಗೀಜರ್‌ನಲ್ಲಿ ಸುಣ್ಣ ಕಟ್ಟುವುದಿಲ್ಲ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಆದರೆ ಲವಣದ ಒಟ್ಟು ತೂಕ ಹಾಗೇ ಇರುತ್ತದೆ, ತುಸು ಜಾಸ್ತಿಯೇ ಆಗುತ್ತದೆ. ಒಣಗಿದರೆ ಸುಣ್ಣದ ಚುಕ್ಕೆಯ ಬದಲು ಸೋಡಿಯಂ ಲವಣದ ಚುಕ್ಕೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ನಾಲ್ಕನೇ ಅಂತಸ್ತಿನ ಗಾಜನ್ನು ಒರೆಸಲು ಯಾರು ಹತ್ತುತ್ತಾರೆ? ಏಣಿ ಬೇಡ ಎಂದೇ ನೀವು ಕೋಲು ತರಿಸಿದ್ದು. ಬರೀ ಸಾಫ್ಟ್‌ನರ್‌ನಿಂದ ನಿಮ್ಮ ಕೆಲಸ ಆಗುವುದಿಲ್ಲ.

ಮನೆಯ ಆರ್‌ಒ ಯಂತ್ರದಲ್ಲಿ 90 ಬಂದದ್ದೂ ಅದರ ದೋಷವಲ್ಲ. ಕುಡಿಯುವ ನೀರು ತೀರಾ ಸಪ್ಪೆಯಾಗದಿರಲಿ ಎಂದು ಹೆಚ್ಚಿನ ಯಂತ್ರಗಳಲ್ಲಿ ಶುದ್ಧ ಮಾಡದ ನೀರನ್ನೇ ಸ್ವಲ್ಪ ಮತ್ತೆ ಬೆರೆಸುವ ಟಿಡಿಎಸ್ ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಡ್ಜ್ ಇರುತ್ತದೆ. ಅದನ್ನು ಮುಚ್ಚಿದರೆ ಟಿಡಿಎಸ್ ಇಳಿಯುತ್ತದೆ. ಆದರೆ ಗಂಟೆಗೆ ಹತ್ತು ಹದಿನೈದು ಲೀಟರ್ ಕೊಡುವ ಯಂತ್ರದಿಂದ ವ್ಯಾಪಾರ ನಡೆಸಲಾಗದು. ಮನೆಯ ಅಡುಗೆ ನೀರಿನ ಯಂತ್ರವನ್ನು ಮನೆಗೇ ಬಿಡಿ.

ಆರ್ಕಿಟೆಕ್ಟ್ ಹೇಳಿದ ಭಯಕ್ಕೆ ಒಂದು ಕಾಲು ಭಾಗ ಆಧಾರವಿದೆ. ಲವಣ ತೆಗೆದ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ, ಪಿಎಚ್ ಐದೂವರೆ ಆಸುಪಾಸಿಗೆ ಇಳಿಯುತ್ತದೆ. ಅಂಥ ನೀರು ಹಿತ್ತಾಳೆ, ತಾಮ್ರ, ಜಿಐ ಪೈಪುಗಳಲ್ಲಿ ದಿನಗಟ್ಟಲೆ ನಿಂತರೆ ಲೋಹವನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಆದ್ದರಿಂದ ಶುದ್ಧ ನೀರು ಹೋಗುವ ಕಡೆ ಪ್ಲಾಸ್ಟಿಕ್ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಫಿಟ್ಟಿಂಗ್ ಮಾತ್ರ ಹಾಕಿ. ಗಾಜಿನ ಮೇಲೆ ಅದು ಇರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಗಾಜಿಗಾಗಲಿ ಸಿಲಿಕೋನ್ ಸೀಲಂಟಿಗಾಗಲಿ ಏನೂ ಆಗುವುದಿಲ್ಲ. ಶುದ್ಧ ಮಳೆನೀರಿನ ಪಿಎಚ್ ಕೂಡ ಅಷ್ಟೇ, ಅದು ಗಂಟೆಗಟ್ಟಲೆ ಅದೇ ಗಾಜಿನ ಮೇಲೆ ಸುರಿಯುತ್ತದೆ. ನಿಜವಾಗಿ ಗಾಜಿಗೆ ಪೆಟ್ಟು ಕೊಡುವುದು ಗಡಸು ನೀರಿನ ಕಲೆ ತಿಂಗಳುಗಟ್ಟಲೆ ಕೂತು ಗಟ್ಟಿಯಾಗುವುದು, ಆಮೇಲೆ ಅದನ್ನು ತೆಗೆಯಲು ಹಚ್ಚುವ ಆಸಿಡ್. ಆ ವಿಷಯಕ್ಕೆ ಕೊನೆಗೆ ಬರುತ್ತೇನೆ. ರೆಸಿನ್ ದಾಟಿ ಬಂದ ನೀರನ್ನು ಹುಡುಗರು ಕುಡಿಯದಂತೆ ನೋಡಿಕೊಳ್ಳಿ. ಒಂದು ಗುಟುಕು ಹೋದರೆ ಅಪಾಯವಿಲ್ಲ. ಆದರೆ ಆ ರೆಸಿನ್ ಕುಡಿಯುವ ನೀರಿಗಾಗಿ ಮಾಡಿದ್ದಲ್ಲ, ನಿಂತ ಸಿಲಿಂಡರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಈಗ ರೆಸಿನ್ ಲೆಕ್ಕ. ಈ ಕೆಲಸಕ್ಕೆ ಬೇಕಾದದ್ದು ‘ಮಿಕ್ಸೆಡ್ ಬೆಡ್’ ರೆಸಿನ್, ಧನ ಮತ್ತು ಋಣ ಎರಡೂ ಬಗೆಯ ಅಯಾನುಗಳನ್ನು ಹಿಡಿಯುವಂಥದ್ದು. ಬ್ಯಾಟರಿ ನೀರು ಮಾಡುವವರು ಬಳಸುವುದೂ ಇದೇ ಜಾತಿಯದು. ಇಂಡಿಯಾನ್, ಟುಲ್ಸಿಯಾನ್ ಮುಂತಾದ ಹೆಸರಿನಲ್ಲಿ ಇಲ್ಲೇ ಸಿಗುತ್ತದೆ. ಒಂದು ಲೀಟರ್ ರೆಸಿನ್ ಹಿಡಿಯುವ ಲವಣ ಅಂದಾಜು 25 ಗ್ರಾಂ. 25 ಲೀಟರಿನ ಒಂದು ಚೀಲಕ್ಕೆ 625 ಗ್ರಾಂ. ನಿಮ್ಮ ಬೋರ್‌ವೆಲ್ ನೀರನ್ನು ನೇರವಾಗಿ ಬಿಟ್ಟರೆ ಆ ಚೀಲ 660 ಲೀಟರಿಗೆ ಮುಗಿಯಿತು, ಒಂದೂವರೆ ದಿನದ ಕೆಲಸ. ಟಿಡಿಎಸ್ 200ರ ನೀರಾದರೆ 3,000 ಲೀಟರ್ ದಾಟುತ್ತದೆ. ಮೊದಲು ಆರ್‌ಒ ಮಾಡಿ 30ಕ್ಕೆ ಇಳಿಸಿ ಬಿಟ್ಟರೆ ಲೆಕ್ಕದಲ್ಲಿ 20,000 ಲೀಟರ್. ವಿಡಿಯೊದಲ್ಲಿ ಬರೀ ರೆಸಿನ್ ಸಿಲಿಂಡರ್ ಇಟ್ಟುಕೊಂಡವರ ಊರಿನ ನಲ್ಲಿ ನೀರು ಎಂಥದ್ದು ಎಂದು ಯಾರೂ ಕೇಳುವುದಿಲ್ಲ. ಇಂಗ್ಲೆಂಡಿನ ಉತ್ತರ ಭಾಗ, ಸ್ಕಾಟ್ಲೆಂಡ್‌ಗಳಲ್ಲಿ ನಲ್ಲಿ ನೀರೇ ಮೆದು. ಅಲ್ಲಿ ಅದು ಹಿಡಿಸುವ ದಾರಿ. ಹೊರಮಾವಿನ ಬೋರ್‌ವೆಲ್ ಮೇಲೆ ಅದೇ ಮಾಡಿದರೆ ರೆಸಿನ್ ಖರ್ಚಿನಲ್ಲೇ ವ್ಯಾಪಾರ ಮುಳುಗುತ್ತದೆ.

ಅಲ್ಲಿಗೆ ನಿಮ್ಮ ಬೋರ್‌ವೆಲ್ ನೀರಿಗೆ ದಾರಿ ಸ್ಪಷ್ಟ: ಭಾರದ ಕೆಲಸ ಆರ್‌ಒಗೆ, ಕೊನೆಯ ಕೈ ರೆಸಿನ್‌ಗೆ. ಒಳ್ಳೆಯ ಸ್ಥಿತಿಯ ಆರ್‌ಒ ಪೊರೆ (ಮೆಂಬ್ರೇನ್) ಲವಣದ ನೂರಕ್ಕೆ 96-98 ಭಾಗ ತಡೆಯುತ್ತದೆ. 940 ಒಳಗೆ ಹೋದರೆ 20-40 ಹೊರಗೆ ಬರುತ್ತದೆ. ಆರ್‌ಒ ಒಂದರಿಂದಲೇ 10ರ ಒಳಗೆ ತರುತ್ತೇವೆ ಎಂದು ಯಾರಾದರೂ ಹೇಳಿದರೆ, ನಿಮ್ಮದೇ ನೀರಿನಲ್ಲಿ ಆರು ತಿಂಗಳ ನಂತರವೂ ಅಷ್ಟೇ ಬರುತ್ತದೆ ಎಂದು ಬರೆದುಕೊಡಲು ಕೇಳಿ.

ಎಷ್ಟು ದೊಡ್ಡದು? ಒಂದು ಕೋಲಿನಿಂದ ನಿಮಿಷಕ್ಕೆ ಒಂದೂವರೆಯಿಂದ ಎರಡು ಲೀಟರ್ ಹೋದರೆ ಚೆನ್ನಾಗಿ ತೊಳೆಯಬಹುದು. ಕೋಲು ಎತ್ತಿ ಇಳಿಸಿ, ಪೈಪು ಎಳೆದು, ಜಾಗ ಬದಲಿಸಿ, ನಿಜವಾಗಿ ನೀರು ಹರಿಯುವುದು ದಿನಕ್ಕೆ ನಾಲ್ಕು ಗಂಟೆ. ಕೋಲಿಗೆ 360ರಿಂದ 480 ಲೀಟರ್ ಆಯಿತು. ಎರಡು ಕೋಲು ಇಟ್ಟರೂ ಸಾವಿರ ಲೀಟರ್ ದಾಟುವುದಿಲ್ಲ. ನಾಲ್ಕು ಇಂಚು ವ್ಯಾಸ, ನಲವತ್ತು ಇಂಚು ಉದ್ದದ ‘4040’ ಪೊರೆ ಒಂದೇ ಇರುವ, ಗಂಟೆಗೆ 250 ಲೀಟರಿನ ಪ್ಲಾಂಟ್ ನಾಲ್ಕು ಗಂಟೆ ಓಡಿದರೆ ಅಷ್ಟೂ ತುಂಬುತ್ತದೆ. 500ರ ಪ್ಲಾಂಟ್ ನಿಮಗೆ ಈಗ ಬೇಡ. ಅದನ್ನು ತಂದು ದಿನಕ್ಕೆ ಒಂದು ಗಂಟೆ ಓಡಿಸಿ ನಿಲ್ಲಿಸಿದರೆ ನಿಂತ ಪೊರೆಯಲ್ಲಿ ಲೋಳೆ ಕಟ್ಟುತ್ತದೆ. ಸಣ್ಣ ಪ್ಲಾಂಟ್ ಹೆಚ್ಚು ಹೊತ್ತು ಓಡುವುದೇ ಪೊರೆಗೆ ಒಳ್ಳೆಯದು.

ಜೋಡಣೆಯ ಕ್ರಮ ಹೀಗಿರಲಿ: ಹಸಿ (ಶುದ್ಧ ಮಾಡದ) ನೀರಿನ ಟ್ಯಾಂಕ್, ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್, ಆಂಟಿಸ್ಕೇಲಂಟ್ (ಪೊರೆಗೆ ಸುಣ್ಣ ಕಟ್ಟದಂತೆ ತಡೆಯುವ ದ್ರವ) ಹನಿಸುವ ಡೋಸಿಂಗ್ ಪಂಪು, 5 ಮೈಕ್ರಾನ್ ಕಾರ್ಟ್ರಿಡ್ಜ್, ಹೈ ಪ್ರೆಶರ್ ಪಂಪು, ಪೊರೆ, ಆರ್‌ಒ ನೀರಿನ ಟ್ಯಾಂಕ್. ಅಲ್ಲಿಂದ ಗಾಡಿಗೆ ತುಂಬುವ ದಾರಿಯಲ್ಲಿ ರೆಸಿನ್ ಸಿಲಿಂಡರ್. ಕಾರ್ಬನ್ ಯಾಕೆ ಎಂದರೆ ಪೊರೆಗೆ ಕ್ಲೋರಿನ್ ಆಗುವುದಿಲ್ಲ, ಸುಟ್ಟ ಹಾಗೆ ಹಾಳಾಗುತ್ತದೆ, ರಿಪೇರಿ ಇಲ್ಲ. ಬೋರ್‌ವೆಲ್‌ನಲ್ಲಿ ಕ್ಲೋರಿನ್ ಇಲ್ಲ ಎಂದು ಅದನ್ನು ಬಿಡಬೇಡಿ. ಟ್ಯಾಂಕರಿನವರು ಬ್ಲೀಚಿಂಗ್ ಪುಡಿ ಹಾಕಿರಬಹುದು, ನಾಳೆ ಕಾವೇರಿ ಬಂದರೆ ಅದರಲ್ಲೂ ಕ್ಲೋರಿನ್ ಇರುತ್ತದೆ. ಹಾರ್ಡ್‌ನೆಸ್ 480 ಇರುವಾಗ ಆಂಟಿಸ್ಕೇಲಂಟ್ ಇಲ್ಲದ ಪೊರೆ ಕೆಲವು ತಿಂಗಳಲ್ಲೇ ಸುಣ್ಣ ಕಟ್ಟಿ ಕೂರುತ್ತದೆ. ಆರ್‌ಒಗೆ ಮುಂಚೆ ಸಾಫ್ಟ್‌ನರ್ ಇಟ್ಟರೂ ಸುಣ್ಣದ ಕಾಟ ತಪ್ಪುತ್ತದೆ, ಕೆಲವರು ಅದನ್ನೇ ಇಷ್ಟಪಡುತ್ತಾರೆ. ನನ್ನ ಒಲವು ಆಂಟಿಸ್ಕೇಲಂಟ್ ಕಡೆಗೆ. ಸಾಫ್ಟ್‌ನರ್ ತೊಳೆದ ಉಪ್ಪುನೀರನ್ನು ಬೆಂಗಳೂರಿನ ಮಣ್ಣಿಗೆ ಮತ್ತೆ ಸುರಿಯುವುದು ನನಗೆ ಸರಿಕಾಣುವುದಿಲ್ಲ. ಆದರೆ ಡೋಸಿಂಗ್ ಡಬ್ಬ ಖಾಲಿಯಾದರೆ ಪಂಪು ತಾನೇ ನಿಲ್ಲುವ ಸ್ವಿಚ್ ಹಾಕಿಸಿ. ಡಬ್ಬ ತುಂಬುವುದನ್ನು ಮರೆತು ಹಾಳಾದ ಪೊರೆಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ನಿಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಇಲ್ಲದ ಎರಡು ಸಂಗತಿಗಳನ್ನು ಕೇಳಿ ಪಡೆಯಿರಿ: ಸಿಲಿಕಾ (ಮರಳಿನ ಮೂಲವಸ್ತು) ಮತ್ತು ಕಬ್ಬಿಣ. ಬೆಂಗಳೂರು ನಿಂತಿರುವುದು ಗ್ರಾನೈಟ್ ಮತ್ತು ‘ನೈಸ್’ (gneiss) ಎಂಬ ಬಗೆಯ ಬಂಡೆಯ ಮೇಲೆ, ಆ ಬಂಡೆಯ ಸಂದಿನ ನೀರಿನಲ್ಲಿ ಸಿಲಿಕಾ ಇದ್ದೇ ಇರುತ್ತದೆ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಅಳೆಯುವುದು ವಿದ್ಯುತ್ ಹರಿಯುವಿಕೆಯನ್ನು. ಸಿಲಿಕಾ ವಿದ್ಯುದಂಶ ಹೊತ್ತಿರುವುದು ಅತ್ಯಲ್ಪ, ಹಾಗಾಗಿ ಮೀಟರ್ ಕಣ್ಣಿಗೆ ಅದು ಬೀಳುವುದೇ ಇಲ್ಲ. ಗಾಜಿನ ಮೇಲೆ ಕೂತರೆ ಮಾತ್ರ ಬಿಡಿಸಲು ಬಹಳ ಕಷ್ಟ, ಏಕೆಂದರೆ ಗಾಜೂ ಮೂಲದಲ್ಲಿ ಅದೇ ವಸ್ತು. ಆರ್‌ಒ ಪೊರೆ ಇದನ್ನು ಚೆನ್ನಾಗಿಯೇ ತಡೆಯುತ್ತದೆ. ಬರೀ ರೆಸಿನ್ ನಂಬಿಕೊಂಡವರಿಗೆ ಅಪಾಯ ಹೆಚ್ಚು: ರೆಸಿನ್ ಸೋಲುವಾಗ ಮೊದಲು ಜಾರಿ ಹೋಗುವುದು ಸಿಲಿಕಾ, ಆಗಲೂ ಮೀಟರ್ 0 ತೋರಿಸುತ್ತಿರುತ್ತದೆ.

ಈ ಸಿಲಿಕಾದಿಂದಾಗಿಯೇ ‘ನಮ್ಮ ಪ್ಲಾಂಟ್ ಮುಕ್ಕಾಲು ನೀರನ್ನು ಉಳಿಸುತ್ತದೆ’ ಎಂಬ ಮಾತನ್ನು ತೂಗಿ ನೋಡಬೇಕು. ಒಳಗೆ ಹೋಗುವ ನೀರಿನಲ್ಲಿ ಸಿಲಿಕಾ ಲೀಟರಿಗೆ 40 ಮಿಲಿಗ್ರಾಂ ಇದ್ದು, ಅರ್ಧ ನೀರನ್ನು ಶುದ್ಧ ಮಾಡಿ ತೆಗೆದರೆ ಉಳಿದರ್ಧದಲ್ಲಿ ಅದು 80 ಆಗುತ್ತದೆ. ಮುಕ್ಕಾಲು ತೆಗೆದರೆ 160. ಸಾಮಾನ್ಯ ಉಷ್ಣತೆಯಲ್ಲಿ ನೀರು 120-150ಕ್ಕಿಂತ ಹೆಚ್ಚು ಸಿಲಿಕಾ ಹಿಡಿದಿಟ್ಟುಕೊಳ್ಳಲಾರದು. ಮಿಕ್ಕದ್ದು ಪೊರೆಯ ಮೇಲೆ ಕೂರುತ್ತದೆ. ಸುಣ್ಣವನ್ನು ಆಸಿಡ್‌ನಲ್ಲಿ ತೊಳೆಯಬಹುದು, ಸಿಲಿಕಾ ಕೂತ ಪೊರೆಯನ್ನು ಎಸೆಯುವುದೇ. ನಿಮ್ಮ ನೀರಿಗೆ ಶೇ. 50ರಿಂದ ಶುರು ಮಾಡಿ. ಸಿಲಿಕಾ ರಿಪೋರ್ಟ್ ಬಂದ ಮೇಲೆ ಏರಿಸಬಹುದೇ ನೋಡೋಣ.

ಇನ್ನೊಂದು ಸಂಗತಿ, ಇದನ್ನು ಮಾರುವವರು ಹೇಳುವುದೇ ಇಲ್ಲ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಧಾರಾಳ. ಅದು ಅನಿಲ, ಪೊರೆಯನ್ನು ಸಲೀಸಾಗಿ ದಾಟುತ್ತದೆ. ದಾಟಿ ಬಂದು ರೆಸಿನ್‌ನ ಒಂದು ಭಾಗವನ್ನು ತಿಂದುಹಾಕುತ್ತದೆ. ಲೆಕ್ಕದಲ್ಲಿ 20,000 ಲೀಟರ್ ಬರಬೇಕಾದ ಚೀಲ ಎಷ್ಟೋ ಮುಂಚೆಯೇ ಮುಗಿಯುವುದು ಇದರಿಂದ. ಪರಿಹಾರಕ್ಕೆ ಖರ್ಚಿಲ್ಲ: ಆರ್‌ಒ ನೀರನ್ನು ಗಾಳಿಯಾಡುವ ಟ್ಯಾಂಕಿಗೆ ಮೇಲಿನಿಂದ ಚಿಮುಕಿಸಿ ಬೀಳಿಸಿ, ರಾತ್ರಿಯೆಲ್ಲ ಬಿಡಿ. ಅನಿಲದ ಒಂದಷ್ಟು ಭಾಗ ಹಾರಿಹೋಗುತ್ತದೆ. ಬೆಳಿಗ್ಗೆ ಗಾಡಿಗೆ ತುಂಬುವಾಗ ರೆಸಿನ್ ದಾಟಿಸಿ. ರೆಸಿನ್ ಅನ್ನು ಪೊರೆಯ ಬೆನ್ನಿಗೇ ಇಡದೆ ಟ್ಯಾಂಕಿನ ಆಚೆ ಇಡಲು ಹೇಳಿದ್ದು ಇದಕ್ಕಾಗಿ. ತುಂಬುವ ವೇಗ ನಿಮಿಷಕ್ಕೆ 10-15 ಲೀಟರ್ ಮೀರದಿರಲಿ, ಅದಕ್ಕಿಂತ ಜೋರು ಬಿಟ್ಟರೆ ರೆಸಿನ್‌ಗೆ ಹಿಡಿಯಲು ಪುರಸೊತ್ತು ಸಿಗದು. ಟ್ಯಾಂಕ್ ಕಪ್ಪಾಗಿರಲಿ, ಇಲ್ಲವೇ ಬಿಸಿಲು ಬೀಳದ ಕಡೆ ಇರಲಿ, ಪಾಚಿ ಕಟ್ಟದಂತೆ.

ಪ್ಲಾಂಟ್ ಆನ್ ಮಾಡಿದ ಮೊದಲ ಕೆಲವು ನಿಮಿಷ ಬರುವ ನೀರಿನ ಟಿಡಿಎಸ್ ಯಾವಾಗಲೂ ಹೆಚ್ಚು, ಅದನ್ನು ಹಸಿ ನೀರಿನ ಟ್ಯಾಂಕಿಗೇ ವಾಪಸ್ ಬಿಡಿ. ಮೀಟರ್ ಮೂರು ಕಡೆ ಬೇಕು: ಆರ್‌ಒ ಮುಂಚೆ, ಆರ್‌ಒ ನಂತರ, ರೆಸಿನ್ ನಂತರ. ಒಂದು ನೋಟ್‌ಬುಕ್ ಇಟ್ಟು ಹುಡುಗರಿಂದ ದಿನವೂ ಬರೆಸಿ. ಆರ್‌ಒ ನಂತರದ ಅಂಕಿ ನಿಧಾನವಾಗಿ ಏರುತ್ತ ಬಂದರೆ ಪೊರೆ ಸೋಲುತ್ತಿದೆ, ಕೊನೆಯದು ಏರಿದರೆ ರೆಸಿನ್. ಮೀಟರ್ 5 ತೋರಿಸಿದ ದಿನ ರೆಸಿನ್ ಬದಲಿಸಿ, 30ರ ತನಕ ಎಳೆಯಬೇಡಿ. ಪೂರ್ತಿ ಸೋತ ರೆಸಿನ್‌ನಿಂದ ಮೀನಿನ ವಾಸನೆ ಬರುವುದುಂಟು, ಆ ಹಂತಕ್ಕೆ ಹೋಗಿದ್ದರೆ ಗಾಜಿನ ಮೇಲೆ ಆಗಲೇ ಕಲೆ ಬಿದ್ದಿರುತ್ತದೆ. ಹಳೆ ರೆಸಿನ್ ಅನ್ನು ಆಸಿಡ್ ಮತ್ತು ಕಾಸ್ಟಿಕ್ ಹಾಕಿ ಮತ್ತೆ ಜೀವ ಬರಿಸಬಹುದು, ನಿಜ. ಆದರೆ ಎರಡು ಬಗೆಯ ಕಣಗಳನ್ನು ಮೊದಲು ಬೇರ್ಪಡಿಸಬೇಕು, ಸಾಂದ್ರ ರಾಸಾಯನಿಕ ಹಿಡಿಯಬೇಕು. ಶೆಡ್ಡಿನಲ್ಲಿ ಮಾಡುವ ಕೆಲಸವಲ್ಲ. ಹುಡುಗರ ಕಣ್ಣು ಕೈಗಿಂತ ಹೊಸ ಚೀಲದ ಬೆಲೆ ದೊಡ್ಡದಲ್ಲ.

ಇನ್ನು ನೀವು ಕೊನೆಯಲ್ಲಿ ಕೇಳಿದ, ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ಪ್ರಶ್ನೆ: ಮೋರಿಗೆ ಹೋಗುವ ನೀರು. ಸಾವಿರ ಲೀಟರ್ ಶುದ್ಧ ನೀರಿಗೆ ಸಾವಿರ ಲೀಟರ್ ಹೊರಗೆ ಹೋಗುತ್ತದೆ, ಅದರ ಟಿಡಿಎಸ್ 1,800ರ ಆಸುಪಾಸು. ಗಿಡಕ್ಕೆ ಹಾಕಿದರೆ ಮಣ್ಣು ಉಪ್ಪಾಗುತ್ತದೆ. ನೆಲ ಸಾರಿಸಲು, ಶೌಚಾಲಯಕ್ಕೆ, ಮಾಪ್ ಮತ್ತು ಬಕೆಟ್ ತೊಳೆಯಲು ಬರುತ್ತದೆ. ನಿಮ್ಮ ಹೌಸ್‌ಕೀಪಿಂಗ್ ಕೆಲಸದಲ್ಲೇ ಅಷ್ಟು ನೀರಿಗೆ ಜಾಗವಿದೆ, ಅದಕ್ಕೊಂದು ಬೇರೆ ಟ್ಯಾಂಕ್ ಮೊದಲೇ ಯೋಜಿಸಿ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದು ಎಂದು ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತು. 2025ರ ಫೆಬ್ರವರಿಯಲ್ಲೂ ಅಂಥದೇ ಆದೇಶ ಬಂತು. ಗಾಜು ತೊಳೆಯುವುದರ ಹೆಸರು ಅದರಲ್ಲಿತ್ತೋ ಇಲ್ಲವೋ ಎಂದು ವಾದಿಸಿಕೊಂಡು ವ್ಯಾಪಾರ ಮಾಡಲಾಗದು. ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಜನ ಬಿಂದಿಗೆ ಹಿಡಿದು ನಿಂತಿರುವಾಗ ಟ್ಯಾಂಕರ್ ತರಿಸಿ ಅರ್ಧ ಚೆಲ್ಲುವ ವ್ಯವಸ್ಥೆ ಕಟ್ಟಬೇಡಿ ಎಂದೇ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಟ್ಯಾಂಕರ್ ನೀರಿನ ಟಿಡಿಎಸ್ ಲೋಡಿಗೊಂದು ಬಗೆ, ಕಬ್ಬಿಣ ಮತ್ತು ಕೆಸರೂ ಇರುತ್ತದೆ, ಪೊರೆಗೂ ಅದು ಒಳ್ಳೆಯದಲ್ಲ. ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ಶುದ್ಧೀಕರಿಸಿದ) ನೀರು ಪುಕ್ಕಟೆ ಸಿಗುತ್ತದೆ ಎಂದು ಅದನ್ನು ಈ ಸಣ್ಣ ಆರ್‌ಒಗೆ ಹಾಕಲೂ ಹೋಗಬೇಡಿ. ಸಾವಯವ ಕಶ್ಮಲ ಪೊರೆಯನ್ನು ವಾರಗಳಲ್ಲೇ ಮುಚ್ಚಿಬಿಡುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮಳೆನೀರಿನಿಂದ ಶುರು ಮಾಡುತ್ತಿದ್ದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಸಾವಿರ ಚದರ ಅಡಿಯ ತಾರಸಿಯಲ್ಲಿ, ಸೋರಿ ಆವಿಯಾಗಿ ಹೋಗುವುದನ್ನು ಕಳೆದರೂ, ವರ್ಷಕ್ಕೆ 70,000 ಲೀಟರ್ ಸಿಗಬಹುದು. ಮೊದಲ ಮಳೆ ಬಿಟ್ಟು ಹಿಡಿದ ನೀರಿನ ಟಿಡಿಎಸ್ ಸಾಮಾನ್ಯವಾಗಿ ಹತ್ತರಿಂದ ಮೂವತ್ತು, ಅಂದರೆ ಆರ್‌ಒ ಮಾಡಿದ ಬೋರ್‌ವೆಲ್ ನೀರಿಗೆ ಸಮ! ಮರಳು, ಕಾರ್ಬನ್, 5 ಮೈಕ್ರಾನ್ ದಾಟಿಸಿ ನೇರವಾಗಿ ರೆಸಿನ್‌ಗೆ ಬಿಡಬಹುದು, ಒಂದು ಹನಿ ಮೋರಿಗೆ ಹೋಗುವುದಿಲ್ಲ. ತೊಡಕಿರುವುದು ಸಂಗ್ರಹದಲ್ಲಿ. ಮೇಯಿಂದ ಅಕ್ಟೋಬರ್‌ವರೆಗೆ ಮಳೆ ತುಂಬಿಕೊಡುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ, ಅಂದರೆ ಧೂಳು ಹೆಚ್ಚಿ ನಿಮಗೆ ಕೆಲಸವೂ ಹೆಚ್ಚುವ ಕಾಲಕ್ಕೆ, ದೊಡ್ಡ ಸಂಪು ಇಲ್ಲದೆ ಅದು ಉಳಿಯದು. ನಿಮ್ಮ ಗಿರಾಕಿಗಳಲ್ಲಿ ದೊಡ್ಡ ಕಟ್ಟಡದವರು ನಿಯಮದ ಪ್ರಕಾರ ಮಳೆನೀರು ಕೊಯ್ಲು ಮಾಡಿಸಿಯೇ ಇರಬೇಕು. ಹಲವರ ಸಂಪಿನಲ್ಲಿ ಆ ನೀರು ಸುಮ್ಮನೆ ನಿಂತಿರುತ್ತದೆ. ಗಾಡಿಯಲ್ಲಿ ಫಿಲ್ಟರ್ ಮತ್ತು ರೆಸಿನ್ ಇಟ್ಟುಕೊಂಡು ‘ನಿಮ್ಮ ಗಾಜನ್ನು ನಿಮ್ಮದೇ ಮಳೆನೀರಿನಲ್ಲಿ ತೊಳೆಯುತ್ತೇವೆ’ ಎಂದು ಕೇಳಿ ನೋಡಿ. ಆದರೆ ಬೋರ್‌ವೆಲ್ ನೀರು ಬೆರೆತ ಸಂಪು ಯಾವುದು, ಬೆರೆಯದ್ದು ಯಾವುದು ಎಂಬುದನ್ನು ಮೀಟರ್ ಇಟ್ಟೇ ತೀರ್ಮಾನಿಸಿ, ವಾಚ್‌ಮನ್ ಮಾತಿನ ಮೇಲಲ್ಲ.

ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರ್, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ನಿಮ್ಮ ಬೀದಿಗೂ ಬಂದರೆ ಲೆಕ್ಕ ಬದಲಾಗುತ್ತದೆ. ನಾನು ಅಳೆದ ಕಡೆ ಕಾವೇರಿ ನೀರು ಹೆಚ್ಚಾಗಿ 300ರ ಒಳಗೇ ಇರುತ್ತದೆ, ಅದೇ ಪ್ಲಾಂಟಿನಲ್ಲಿ ಪೊರೆಯೂ ರೆಸಿನ್ನೂ ಎಷ್ಟೋ ಹೆಚ್ಚು ಬಾಳುತ್ತವೆ. ಆದರೆ ಮನೆಯ ಸಂಪರ್ಕದಿಂದ ವ್ಯಾಪಾರಕ್ಕೆ ನೀರು ತೆಗೆಯಬೇಡಿ. ಗೃಹೇತರ ಸಂಪರ್ಕ ಬೇರೆ, ದರವೂ ಬೇರೆ.

ಆದ್ದರಿಂದ ಮೊದಲ ಮೂರು ತಿಂಗಳು ಪ್ಲಾಂಟ್ ಕೊಳ್ಳಬೇಡಿ. 25 ಲೀಟರಿನ ರೆಸಿನ್ ಸಿಲಿಂಡರ್, 12 ವೋಲ್ಟಿನ ಡಯಾಫ್ರಾಂ ಪಂಪು, ಒಂದು ಬ್ಯಾಟರಿ, ಎರಡು ಮೀಟರ್ ಕೊಳ್ಳಿ. ಇವು ಯಾವ ದಾರಿ ಹಿಡಿದರೂ ಬೇಕಾದವೇ. ಮಳೆಗಾಲವಾದರೆ ಮಳೆನೀರು, ಇಲ್ಲವಾದರೆ ಬ್ಯಾಟರಿ ನೀರು ಮಾಡುವ ಘಟಕದಿಂದ ಕ್ಯಾನ್‌ಗಳಲ್ಲಿ ಡಿಎಂ ವಾಟರ್ (ಲವಣ ತೆಗೆದ ನೀರು) ತಂದು ಒಂದು ಕೋಲಿನಲ್ಲಿ ಕೆಲಸ ಮಾಡಿ. ಊರಿನವರಿಗೆ ಕುಡಿಯಲು ಇಟ್ಟಿರುವ ಶುದ್ಧ ನೀರಿನ ಘಟಕದಿಂದ ಮಾತ್ರ ಬೇಡ. ದುಬಾರಿ ಎನಿಸುತ್ತದೆ, ಆದರೆ ದಿನಕ್ಕೆ ನಿಜವಾಗಿ ಎಷ್ಟು ಲೀಟರ್ ಬೇಕು, ಕೆಲಸ ತಿಂಗಳಿಗೆ ಎಷ್ಟು ದಿನ ಬರುತ್ತದೆ ಎಂದು ಗೊತ್ತಾಗುತ್ತದೆ. ವಾರಕ್ಕೆ ನಾಲ್ಕು ದಿನ ಕೆಲಸ ಖಾತ್ರಿಯಾದ ಮೇಲೆ 250ರ ಆರ್‌ಒ ಹಾಕಿಸಿ.

ಗಾಡಿಯ ಬಗ್ಗೆ ನೀವು ಕೇಳಲಿಲ್ಲ, ನಾನು ಹೇಳಲೇಬೇಕು. 500 ಲೀಟರ್ ನೀರು ಅರ್ಧ ಟನ್. ಟಾಟಾ ಏಸ್‌ನಂಥ ಮಿನಿ ಟ್ರಕ್ ಹೊರುವುದೇ ಸುಮಾರು ಮುಕ್ಕಾಲು ಟನ್. ಇಬ್ಬರು ಹುಡುಗರು, ಪಂಪು, ಕೋಲು ಸೇರಿದರೆ ಅಲ್ಲಿಗೆ ಮುಗಿಯಿತು, ಓಮ್ನಿಯಲ್ಲಿ ಇದನ್ನು ಯೋಚಿಸಲೂ ಬೇಡಿ. ಎತ್ತರದ ದುಂಡು ಸಿಂಟೆಕ್ಸ್ ಟ್ಯಾಂಕನ್ನು ಹಗ್ಗದಲ್ಲಿ ಕಟ್ಟಿ ಹೊರಟರೆ, ಅರ್ಧ ಖಾಲಿಯಾದಾಗ ಒಳಗಿನ ನೀರು ಬ್ರೇಕ್ ಹಾಕಿದಾಗೆಲ್ಲ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ತಗ್ಗಾದ, ಒಳಗೆ ಅಡ್ಡ ತಡೆಗಳಿರುವ ಟ್ಯಾಂಕನ್ನು ಚಾಸಿಗೆ ಬೋಲ್ಟ್ ಹಾಕಿಸಿ.

ಕೋಲಿನ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಕಾರ್ಬನ್ ಫೈಬರ್ ಕೋಲು ವಿದ್ಯುತ್ ವಾಹಕ. ಫೈಬರ್‌ಗ್ಲಾಸ್ ಆದರೂ ಹೊರಮೈ ಒದ್ದೆಯಾಗಿ ಕೊಳೆ ಹಿಡಿದಿದ್ದರೆ ನಂಬುವಂತಿಲ್ಲ. ನೀರು ಶುದ್ಧವಾಗಿದ್ದರೆ ವಿದ್ಯುತ್ ಹರಿಯುವುದಿಲ್ಲ ಎಂಬ ಮಾತು ಕೋಲು ಹಿಡಿದವನಿಗೆ ಅನ್ವಯಿಸದು, ಗಾಜಿನ ಕೊಳೆ ಸೇರಿದ ಕ್ಷಣ ಅದು ಶುದ್ಧ ನೀರಲ್ಲ. ನಮ್ಮ ಬಡಾವಣೆಗಳಲ್ಲಿ 11 ಕೆವಿ ತಂತಿ ಬಾಲ್ಕನಿಗೆ ತಾಗುವಷ್ಟು ಹತ್ತಿರ ಹೋಗಿರುತ್ತದೆ. ಕೋಲು ಪೂರ್ತಿ ಚಾಚಿ ಯಾವ ಕಡೆ ಬಿದ್ದರೂ ತಂತಿಗೆ ತಾಗದಷ್ಟು ದೂರ ಇಲ್ಲದಿದ್ದರೆ ಆ ಗೋಡೆಯ ಕೆಲಸ ಒಪ್ಪಿಕೊಳ್ಳಬೇಡಿ.

ಈಗ ಹಳೆ ಕಲೆ. ಶುದ್ಧ ನೀರು ಧೂಳು, ಹೊಗೆಯ ಮಸಿ, ಹಕ್ಕಿ ಹಿಕ್ಕೆ ತೊಳೆಯುತ್ತದೆ. ವರ್ಷಗಟ್ಟಲೆ ಕೂತ ಗಡಸು ನೀರಿನ ಕಲೆ, ಸಿಮೆಂಟ್ ಹಾಲು, ಬಣ್ಣ, ಸೀಲಂಟಿನ ಎಣ್ಣೆ ತೆಗೆಯುವುದಿಲ್ಲ. ಅವಕ್ಕೆ ಅಂಗಡಿಯಲ್ಲಿ ‘ಸ್ಟೇನ್ ರಿಮೂವರ್’ ಎಂದು ಮಾರುವ ಕೆಲವು ದ್ರವಗಳಲ್ಲಿ ಫ್ಲೋರೈಡ್ ಆಸಿಡ್ ಇರುತ್ತದೆ. ಅದು ಕಲೆಯ ಜೊತೆ ಗಾಜನ್ನೂ ಕೊರೆಯುತ್ತದೆ, ಚರ್ಮದೊಳಗೆ ಇಳಿದು ಎಲುಬನ್ನು ಮುಟ್ಟುತ್ತದೆ. ನಿಮ್ಮ ಹುಡುಗರ ಕೈಗೆ ಅದನ್ನು ಕೊಡಬೇಡಿ. ಮ್ಯೂರಿಯಾಟಿಕ್ ಆಸಿಡ್ ಅಲ್ಯೂಮಿನಿಯಂ ಫ್ರೇಮನ್ನು ತಿನ್ನುತ್ತದೆ. ಅಂಥ ಗಾಜಿಗೆ ಸೀರಿಯಂ ಆಕ್ಸೈಡ್ ಪಾಲಿಶ್ ಮಾಡುವವರು ಬೇರೆ ಇದ್ದಾರೆ, ಆ ಕೆಲಸ ಅವರಿಗೆ ಬಿಡಿ.

ಮೊದಲ ಸಲ ತೊಳೆಯುವ ಕಟ್ಟಡದಲ್ಲಿ ನೀರು ಎಷ್ಟೇ ಶುದ್ಧವಿದ್ದರೂ ಗೀರು ಗೀರು ಇಳಿದ ಗುರುತು ಕಾಣಬಹುದು. ಮೇಲಿನ ಫ್ರೇಮ್, ರಬ್ಬರ್ ಬೀಡಿಂಗ್ ಸಂದಿಯಲ್ಲಿ ನಿಂತ ಕೊಳೆನೀರು ನಿಧಾನವಾಗಿ ಇಳಿದು ಬರುವುದರಿಂದ ಹಾಗಾಗುತ್ತದೆ. ಫ್ರೇಮನ್ನು ಮೊದಲು ತೊಳೆದು, ಹತ್ತು ನಿಮಿಷ ಬಿಟ್ಟು ಗಾಜಿಗೆ ಬನ್ನಿ. ಎರಡನೇ ಸಲಕ್ಕೆ ಬಹುಪಾಲು ಹೋಗುತ್ತದೆ. ಇದನ್ನು ಗಿರಾಕಿಗೆ ಮೊದಲೇ ಹೇಳಿ. ದರ ಮಾತಾಡುವ ಮುಂಚೆ ಒಂದೇ ಒಂದು ಗಾಜನ್ನು ಅವರೆದುರೇ ತೊಳೆದು, ಒಣಗುವ ತನಕ ಕಾದು, ಇಬ್ಬರೂ ಹತ್ತಿರದಿಂದ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಆಗಲೂ ಉಳಿದ ಕಲೆ ಹಳೆಯದು, ಅದು ಈ ಒಪ್ಪಂದದಲ್ಲಿ ಸೇರಿಲ್ಲ ಎಂದು ಕೊಟೇಶನ್ನಿನಲ್ಲೇ ಬರೆಯಿರಿ.